ವಿದ್ಯಾರ್ಥಿಗಳೂ ರಾಜ್ಯ ಸರ್ಕಾರವೂ



ಸರ್ಕಾರವೆಂದರೇನು ಎಂದು ನಮ್ಮ ಪಾಠಶಾಲೆಯ ಮಕ್ಕಳನ್ನು ಕೇಳಿದರೆ ಉತ್ತರಕ್ಕೇನೂ ಕೊರತೆಯಿರುವುದಿಲ್ಲ. ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗವೆಂದು ಮೂರು ಅಂಗಗಳನ್ನು ಅವರು ಬೆರಳು ಮಡಿಸಿ ಎಣಿಸುತ್ತಾರೆ. ಕರ್ನಾಟಕದ ವಿಧಾನಸಭೆಗೆ 224 ಮಂದಿ, ವಿಧಾನಪರಿಷತ್ತಿಗೆ 75 ಮಂದಿ ಸದಸ್ಯರೆಂದು ಒಪ್ಪಿಸುತ್ತಾರೆ. ಇಷ್ಟನ್ನು ತಪ್ಪಿಲ್ಲದೆ ಬರೆದವರಿಗೆ ಪೂರ್ಣ ಅಂಕಗಳೂ ದೊರೆಯುತ್ತವೆ. ಆದರೆ ಅದೇ ವಿದ್ಯಾರ್ಥಿಯನ್ನು, 'ಮಗು, ಈ ದಿನ ಬೆಳಗಿನಿಂದ ಸಂಜೆಯವರೆಗೆ ನೀನು ಸರ್ಕಾರವನ್ನು ಎಲ್ಲೆಲ್ಲಿ ಕಂಡೆ?' ಎಂದು ಕೇಳಿ ನೋಡಿರಿ. ಅವನು ಉಪಾಧ್ಯಾಯರ ಮುಖವನ್ನು ನೋಡುತ್ತಾನೆ. ಉಪಾಧ್ಯಾಯರು ಪುಸ್ತಕವನ್ನು ನೋಡುತ್ತಾರೆ. ಅಲ್ಲಿ ಉತ್ತರವಿಲ್ಲ.

ಇದು ಮಕ್ಕಳ ದೋಷವಲ್ಲ. ದೊಡ್ಡವರಾದ ನಾವೇ ಸರ್ಕಾರವನ್ನು ಅವರಿಗೆ ದೂರದಿಂದ ತೋರಿಸಿಕೊಟ್ಟಿದ್ದೇವೆ. ನಗರವಾಸಿಗಳಾದ ನಮಗೆ ಸರ್ಕಾರವೆಂದೊಡನೆ 1956ರಲ್ಲಿ ಕಟ್ಟಿ ಮುಗಿಸಿದ ವಿಧಾನಸೌಧದ ಕಲ್ಲಿನ ಕಂಬಗಳೇ ಕಣ್ಣಮುಂದೆ ನಿಲ್ಲುತ್ತವೆ. ಗೋಪುರವನ್ನು ಕಂಡು ಕೈಮುಗಿದು, ಗರ್ಭಗುಡಿಯನ್ನು ನೋಡದೆ ಹಿಂದಿರುಗಿದ ಯಾತ್ರಿಕನ ಜ್ಞಾನದಂತಿದೆ ನಮ್ಮ ಪೌರನೀತಿಯ ಪಾಠ. ಸರ್ಕಾರದ ನಿಜವಾದ ಸ್ವರೂಪವು ತಿಳಿಯಬೇಕಾದರೆ ಅದನ್ನು ರಾಜಧಾನಿಯಲ್ಲಿ ನೋಡಿದರೆ ಸಾಲದು, ಹೋಬಳಿಯಲ್ಲಿ ನೋಡಬೇಕು. ಆದುದರಿಂದ ಈ ದಿನ ನಿಮ್ಮನ್ನು ಹಾಸನ ಜಿಲ್ಲೆಯ ಮಲೆನಾಡಿನ ಒಂದು ಹೋಬಳಿಗೆ ಕರೆದುಕೊಂಡು ಹೋಗಬೇಕೆಂದಿದ್ದೇನೆ. ಅದರ ಹೆಸರು ಯಸಳೂರು.

ಸಕಲೇಶಪುರ ತಾಲ್ಲೂಕನ್ನು ಹಿಂದೆ ಮಂಜರಾಬಾದು ಎಂದು ಕರೆಯುತ್ತಿದ್ದರು. ಅದರ ದಕ್ಷಿಣ ಭಾಗದಲ್ಲಿ, ಕೊಡಗಿನ ಗಡಿಯ ಕಡೆಗೆ, ಈ ಹೋಬಳಿಯಿದೆ. ಗುಡ್ಡದ ಇಳಿಜಾರಿನಲ್ಲಿ ಕಾಫಿಯ ತೋಟ, ತೋಟದ ಮರಗಳಿಗೆ ಹಬ್ಬಿದ ಮೆಣಸಿನ ಬಳ್ಳಿ, ತಗ್ಗಿನಲ್ಲಿ ಭತ್ತದ ಗದ್ದೆ, ಅದರಾಚೆಗೆ ಕಾಡು. ಮನೆಗಳು ಬಯಲುಸೀಮೆಯಲ್ಲಿರುವಂತೆ ಒಂದಕ್ಕೊಂದು ಅಂಟಿಕೊಂಡಿಲ್ಲ. ಒಂದು ಮನೆಯಿಂದ ಕೂಗಿದರೆ ಇನ್ನೊಂದು ಮನೆಗೆ ಕೇಳುವುದು ಕಷ್ಟ. ಮಕ್ಕಳು ತೋಟದ ನಡುವಣ ಹಾದಿಯಲ್ಲಿ ನಡೆದು ಬಸ್ಸಿನ ರಸ್ತೆಯನ್ನು ಸೇರಬೇಕು. ನಾವು ನಗರದಲ್ಲಿ ಬೆಳಗ್ಗೆ ಕುಡಿಯುವ ಕಾಫಿಯ ಬೀಜವು ಇಂಥ ತೋಟಗಳಿಂದಲೇ ಬರುವುದಷ್ಟೆ. ಅಷ್ಟು ಮಟ್ಟಿಗೆ ಈ ಊರಿಗೂ ನಮಗೂ ನಿತ್ಯದ ಸಂಬಂಧವಿದೆ.

ಆ ಸೀಮೆಯ ಮಕ್ಕಳು ಕಾತರದಿಂದ ಎದುರುನೋಡುವ ಸರ್ಕಾರಿ ಆಜ್ಞೆಯೊಂದುಂಟು. ಅದು ಮಳೆಗಾಲದ ರಜೆ. ಜುಲೈ ತಿಂಗಳಲ್ಲಿ ಹಳ್ಳಗಳು ಉಕ್ಕಿ, ಮರಗಳು ರಸ್ತೆಗೆ ಅಡ್ಡ ಬಿದ್ದಾಗ, 'ನಾಳೆ ಶಾಲೆಗಳಿಗೆ ರಜೆ' ಎಂಬ ಸುದ್ದಿ ಬರುತ್ತದೆ. ಮೇಷ್ಟ್ರು ರಜೆ ಕೊಟ್ಟರೆಂದು ಮಗು ತಿಳಿಯುತ್ತದೆ. ವಾಸ್ತವದಲ್ಲಿ ಅಂಥ ಆಜ್ಞೆಯನ್ನು ಹೊರಡಿಸುವವರು ಸಾಮಾನ್ಯವಾಗಿ ಜಿಲ್ಲಾಧಿಕಾರಿಗಳು. 2005ರ ವಿಪತ್ತು ನಿರ್ವಹಣಾ ಕಾಯಿದೆಯ ಪ್ರಕಾರ ಜಿಲ್ಲೆಯ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ಅವರೇ ಅಧ್ಯಕ್ಷರು. ಮಳೆ ಎಷ್ಟು ಬಿದ್ದಿದೆ, ಯಾವ ರಸ್ತೆ ಮುಚ್ಚಿದೆ ಎಂಬ ವರದಿಗಳು ಹೋಬಳಿಯಿಂದ ತಾಲ್ಲೂಕಿಗೆ, ತಾಲ್ಲೂಕಿನಿಂದ ಜಿಲ್ಲೆಗೆ ಏರುತ್ತವೆ. ಆಜ್ಞೆಯು ಅದೇ ಮೆಟ್ಟಲುಗಳಲ್ಲಿ ಇಳಿದು ಬರುತ್ತದೆ. ತಪ್ಪಿದ ಪಾಠವನ್ನು ಮುಂದೆ ಬೇರೆ ದಿನಗಳಲ್ಲಿ ತುಂಬಿಕೊಡಬೇಕಾಗುವುದೂ ಉಂಟು. ಈ ಒಂದು ರಜೆಯಲ್ಲಿ ಆಡಳಿತದ ಇಡೀ ಮೆಟ್ಟಲುಸಾಲು ಕಾಣುತ್ತದೆಯಲ್ಲವೆ? ಮಕ್ಕಳಿಗೆ ಪ್ರಿಯವಾದ ವಿಷಯದಿಂದಲೇ ಪಾಠವನ್ನು ಮೊದಲು ಮಾಡಿದರೆ ಅವರು ಆಕಳಿಸುವುದಿಲ್ಲ.

ಹೀಗೆ ಯಾವ ವಸ್ತುವನ್ನು ಕುರಿತಾದರೂ ಮೂರು ಪ್ರಶ್ನೆಗಳನ್ನು ಕೇಳುವ ಅಭ್ಯಾಸವನ್ನು ವಿದ್ಯಾರ್ಥಿಗಳಲ್ಲಿ ಬೆಳೆಸಬೇಕೆಂಬುದೇ ನನ್ನ ಸೂಚನೆ. ಇದನ್ನು ತೀರ್ಮಾನಿಸಿದವರು ಯಾರು? ಇದಕ್ಕೆ ಹಣ ಯಾರದು? ಇದು ಸರಿಯಾಗಿ ನಡೆಯದಿದ್ದರೆ ಯಾರನ್ನು ಕೇಳಬೇಕು? ಈ ಮೂರಕ್ಕೆ ಉತ್ತರ ಹುಡುಕಲು ಕಲಿತವನು ಪುಸ್ತಕದ ವ್ಯಾಖ್ಯೆಗಳನ್ನು ಮರೆತರೂ ಪೌರನಾಗಿ ಉಳಿಯುತ್ತಾನೆ. ಇವನ್ನು ಕಲಿಯದವನು ವ್ಯಾಖ್ಯೆಗಳನ್ನೆಲ್ಲ ಕಂಠಪಾಠ ಮಾಡಿದರೂ ಕಚೇರಿಯ ಬಾಗಿಲಲ್ಲಿ ದೀನನಾಗಿ ನಿಲ್ಲುತ್ತಾನೆ.

ಮಧ್ಯಾಹ್ನ ಶಾಲೆಯಲ್ಲಿ ಬಡಿಸುವ ಊಟವನ್ನೇ ತೆಗೆದುಕೊಳ್ಳೋಣ. ಬೇಯಿಸಿದ ಆಹಾರವನ್ನು ಶಾಲೆಯ ಮಕ್ಕಳಿಗೆ ಕೊಡಬೇಕೆಂದು ಸರ್ವೋಚ್ಚ ನ್ಯಾಯಾಲಯವು 2001ರ ನವೆಂಬರಿನಲ್ಲಿ ಆಜ್ಞೆ ಮಾಡಿತು. ನಮ್ಮ ರಾಜ್ಯದಲ್ಲಿ ಅದು 'ಅಕ್ಷರ ದಾಸೋಹ' ಎಂಬ ಹೆಸರಿನಿಂದ 2002ರಲ್ಲಿ ಈಶಾನ್ಯದ ಜಿಲ್ಲೆಗಳಲ್ಲಿ ಮೊದಲಾಗಿ, ಆಮೇಲೆ ಉಳಿದ ಜಿಲ್ಲೆಗಳಿಗೂ ಹಬ್ಬಿತು. 2013ರ ಆಗಸ್ಟ್ 1ರಂದು 'ಕ್ಷೀರ ಭಾಗ್ಯ'ದ ಹಾಲೂ ಅದಕ್ಕೆ ಸೇರಿತು. ಊಟದ ವೆಚ್ಚದಲ್ಲಿ ಕೇಂದ್ರದ ಪಾಲೂ ಉಂಟು, ರಾಜ್ಯದ ಪಾಲೂ ಉಂಟು. ಅಡುಗೆಯನ್ನು ಊರಿನ ಹೆಂಗಸರೇ ಮಾಡುತ್ತಾರೆ. ಬೇಳೆ ನೀರಾಗಿದ್ದರೆ ಕೇಳಬೇಕಾದುದು ದೆಹಲಿಯನ್ನಲ್ಲ. ತಂದೆತಾಯಿಗಳೇ ಸದಸ್ಯರಾಗಿರುವ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯೊಂದು ಪ್ರತಿಯೊಂದು ಸರ್ಕಾರಿ ಶಾಲೆಯಲ್ಲಿಯೂ ಇರತಕ್ಕದ್ದು. ನೋಡಿರಿ, ಒಂದು ತಟ್ಟೆ ಅನ್ನದೊಳಗೆ ನ್ಯಾಯಾಲಯ, ಕೇಂದ್ರ, ರಾಜ್ಯ, ಊರು ಎಲ್ಲವೂ ಅಡಗಿವೆ.

ಇನ್ನು ನಾಡಕಚೇರಿ. ವಿದ್ಯಾರ್ಥಿವೇತನ ಬೇಕಾದ ಮಗುವಿನ ಮನೆಯವರು ಜಾತಿಯ ಮತ್ತು ವರಮಾನದ ಪ್ರಮಾಣಪತ್ರಗಳಿಗಾಗಿ ಹೋಬಳಿಯ ಈ ಕಚೇರಿಗೆ ಬರುವುದುಂಟು. ತೋಟದಲ್ಲಿ ದಿನಗೂಲಿ ಮಾಡುವ ತಾಯಿಯೊಬ್ಬಳು ಇಲ್ಲಿಗೆ ಎರಡು ಸಾರಿ ಬಂದು ಹೋದರೆ ಎರಡು ದಿನದ ಕೂಲಿ ಹೋಯಿತು. ಮೂರನೆಯ ಸಾರಿಗೆ ಅವಳು ಬರುವುದೇ ಇಲ್ಲ. ಆ ಮಗುವಿನ ವೇತನವೂ ಆಯಿತು, ಓದೂ ಆಯಿತು! ಕಲಿಯದ ಪೌರನೀತಿಯ ಬೆಲೆಯನ್ನು ಹೀಗೆ ತೆರಬೇಕಾಗುತ್ತದೆ. ಆದರೆ 2011ರ ಕರ್ನಾಟಕ ನಾಗರಿಕ ಸೇವೆಗಳ ಖಾತರಿ ಕಾಯಿದೆಯೊಂದಿದೆ. ಜನರು ಅದನ್ನು 'ಸಕಾಲ' ಎಂದು ಕರೆಯುತ್ತಾರೆ. ಇಂಥಿಂಥ ಸೇವೆಯನ್ನು ಇಷ್ಟಿಷ್ಟು ದಿನಗಳೊಳಗೆ ಕೊಡಲೇಬೇಕೆಂದು ಅದು ವಿಧಿಸುತ್ತದೆ. ಅರ್ಜಿಯನ್ನು ಕೊಟ್ಟಾಗ ಸಂಖ್ಯೆಯುಳ್ಳ ರಸೀತಿಯನ್ನು ಪಡೆಯಬೇಕು. ಅವಧಿ ಮೀರಿದರೆ ಮೇಲಿನ ಅಧಿಕಾರಿಗೆ ಮನವಿ ಮಾಡಿಕೊಳ್ಳಬಹುದು. ತಡವಾದ ದಿನವೊಂದಕ್ಕೆ 20 ರೂಪಾಯಿಯಂತೆ, ಒಟ್ಟು 500 ರೂಪಾಯಿ ಮೀರದಂತೆ, ಪರಿಹಾರವನ್ನು ಕೇಳಬಹುದು. ಮೊಬಲಗು ಅಲ್ಪವೇ ಸರಿ. ಅದರ ಹಿಂದಿರುವ ತತ್ತ್ವ ಮಾತ್ರ ಅಲ್ಪವಲ್ಲ. ಪ್ರಮಾಣಪತ್ರವು ಅಧಿಕಾರಿಯ ಕೃಪೆಯಲ್ಲ, ಅರ್ಜಿದಾರನ ಹಕ್ಕು ಎಂಬುದನ್ನು ಶಾಸನವೇ ಒಪ್ಪಿಕೊಂಡಂತಾಯಿತು. ಆ ಎರಡು ದಿನದ ಕೂಲಿ ಕಳೆದುಕೊಂಡ ತಾಯಿಗೆ ಇದನ್ನು ಹೇಳಬಲ್ಲವರು ಯಾರು? ಎಂಟನೆಯ ತರಗತಿಯಲ್ಲಿ ಓದುವ ಅವಳ ಮಗಳೇ ಹೇಳಬೇಕು. ಅವಳಿಗೆ ನಾವು ಹೇಳಿಕೊಟ್ಟಿದ್ದರೆ ತಾನೆ!

ಈಗ ಯಸಳೂರಿನ ಹೆಸರನ್ನು ನಾಡೆಲ್ಲ ಕೇಳುವಂತೆ ಮಾಡಿದ ಒಂದು ಸಂಗತಿಗೆ ಬರುತ್ತೇನೆ. ಮೈಸೂರಿನ ದಸರೆಯಲ್ಲಿ ಎಂಟು ಬಾರಿ ಚಿನ್ನದ ಅಂಬಾರಿಯನ್ನು ಹೊತ್ತ ಅರ್ಜುನನೆಂಬ ಆನೆಯನ್ನು ಅರಿಯದವರಾರು? ಆ ಅರ್ಜುನನು 2023ರ ಡಿಸೆಂಬರ್ 4ರಂದು ಯಸಳೂರು ಅರಣ್ಯ ವಲಯದ ದಬ್ಬಳ್ಳಿಕಟ್ಟೆಯ ಬಳಿ ಮಡಿದನು. ಕಾಡಾನೆಗಳನ್ನು ಹಿಡಿಯುವ ಕಾರ್ಯಾಚರಣೆಗೆ ಅವನನ್ನು ಕರೆತಂದಿದ್ದರು. ಮದವೇರಿದ ಒಂಟಿ ಸಲಗವೊಂದು ಅವನ ಮೇಲೆ ಬಿದ್ದಿತು. ಅವನನ್ನು ಅಲ್ಲಿಯೇ ಮಣ್ಣು ಮಾಡಿದರು. ನಾಡಿನ ಜನ ಕಣ್ಣೀರಿಟ್ಟರು. ಕಣ್ಣೀರು ತಕ್ಕುದೇ. ಆದರೆ ಶಾಲೆಗಳಲ್ಲಿ ಅದರ ಮುಂದಿನ ಪ್ರಶ್ನೆಯನ್ನೂ ಕೇಳಬೇಕಾಗಿತ್ತು. ಮೈಸೂರಿನ ಅಂಬಾರಿಯ ಆನೆಯು ಯಸಳೂರಿನ ನೆಡುತೋಪಿಗೆ ಏಕೆ ಬಂದಿತು? ಅದನ್ನು ಅಲ್ಲಿಗೆ ಕಳುಹಿಸಿದವರು ಯಾರು?

ಈ ಪ್ರಶ್ನೆಯ ಬೆನ್ನು ಹತ್ತಿದರೆ ಪುಸ್ತಕದಲ್ಲಿ ಸತ್ತು ಮಲಗಿದ್ದ ಮೂರು ಅಂಗಗಳೂ ಎದ್ದು ನಡೆಯತೊಡಗುತ್ತವೆ. ಸಕಲೇಶಪುರ ಮತ್ತು ಆಲೂರು ತಾಲ್ಲೂಕುಗಳಲ್ಲಿ ಆನೆಗಳು ಕಾಫಿ ತೋಟಗಳಲ್ಲಿಯೇ ನೆಲೆ ಮಾಡಿಕೊಂಡು, ಗದ್ದೆಗಳನ್ನು ತುಳಿದು, ಮನುಷ್ಯರ ಪ್ರಾಣಗಳನ್ನೂ ತೆಗೆಯುತ್ತ ಬಂದಿವೆ. ಬೆಳಗ್ಗೆ ತೋಟದ ಕೆಲಸಕ್ಕೆ ಹೊರಟ ಕೂಲಿಯವನು ಸಂಜೆ ಮನೆಗೆ ಬರುವನೆಂಬ ಭರವಸೆಯಿಲ್ಲ. ಅನೇಕ ದೂರುಗಳಾದ ಮೇಲೆ ರಾಜ್ಯದ ಆನೆಗಳ ವಿಷಯವನ್ನು ಕರ್ನಾಟಕದ ಉಚ್ಚ ನ್ಯಾಯಾಲಯವು ವಿಚಾರಣೆಗೆ ತೆಗೆದುಕೊಂಡಿತು. ಅದರ ಆದೇಶದಂತೆ, ಆನೆಗಳನ್ನು ಕುರಿತು ವಿದ್ವಾಂಸರಾದ ರಾಮನ್ ಸುಕುಮಾರ್ ಅವರ ಅಧ್ಯಕ್ಷತೆಯಲ್ಲಿ ಒಂದು ಕಾರ್ಯಪಡೆ ಏರ್ಪಟ್ಟು, 2012ರಲ್ಲಿ ವರದಿಯನ್ನೊಪ್ಪಿಸಿತು. ಆನೆಗಳಿಗೆ ಮೀಸಲಾದ ಪ್ರದೇಶ, ಆನೆಯೂ ಮನುಷ್ಯನೂ ಕೂಡಿ ಬಾಳಬೇಕಾದ ಪ್ರದೇಶ, ಆನೆಗಳನ್ನು ತೆಗೆದುಬಿಡಬೇಕಾದ ಪ್ರದೇಶವೆಂದು ಅದು ವಿಂಗಡಿಸಿತು. ಆಲೂರು ಸಕಲೇಶಪುರದ ಆನೆಗಳನ್ನು ಹಿಡಿಯುವುದೇ ಲೇಸೆಂದು ಸಲಹೆ ಮಾಡಿತು. ಅದರಂತೆ ಮುಂದಿನ ಎರಡು ವರ್ಷಗಳಲ್ಲಿ 20ಕ್ಕೂ ಹೆಚ್ಚು ಆನೆಗಳನ್ನು ಹಿಡಿದರು. ಆದರೂ ತೊಂದರೆ ತೀರಲಿಲ್ಲ. ಬೇರೆ ಆನೆಗಳು ಬಂದುವು. ಸರ್ಕಾರದ ತೀರ್ಮಾನವು ಸದುದ್ದೇಶದಿಂದ ಕೂಡಿದ್ದರೂ ಫಲಿಸದೆ ಹೋಗಬಹುದೆಂಬುದು ಇಲ್ಲಿ ಕಲಿಯಬೇಕಾದ ಇನ್ನೊಂದು ಪಾಠ.

ಇದು ನ್ಯಾಯಾಂಗದ ಮಾತಾಯಿತು. ಕಾರ್ಯಾಂಗವೆಲ್ಲಿ? 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ದೆಹಲಿಯ ಪಾರ್ಲಿಮೆಂಟು ಮಾಡಿದುದು. ಆದರೆ ಅದರಂತೆ ಒಂದು ಆನೆಯನ್ನು ಹಿಡಿಯಬೇಕಾದರೆ ಕಾರಣಗಳನ್ನು ಕಾಣಿಸಿ ಲಿಖಿತ ಆಜ್ಞೆಯನ್ನು ಕೊಡತಕ್ಕವರು ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರು. ಆ ಆಜ್ಞೆಯನ್ನು ಹಿಡಿದು ತೋಟಕ್ಕೆ ಬರುವವರು ವಲಯ ಅರಣ್ಯಾಧಿಕಾರಿ, ವೈದ್ಯರು, ಮಾವುತರು. ಅರಣ್ಯವೂ ವನ್ಯಪ್ರಾಣಿಗಳ ರಕ್ಷಣೆಯೂ ಮೊದಲು ರಾಜ್ಯಕ್ಕೇ ಸೇರಿದ ವಿಷಯಗಳಾಗಿದ್ದುವು. 1976ರ 42ನೆಯ ತಿದ್ದುಪಡಿಯಿಂದ ಅವು, ವಿದ್ಯಾಭ್ಯಾಸದ ಜೊತೆಯಲ್ಲಿಯೇ, ಕೇಂದ್ರಕ್ಕೂ ರಾಜ್ಯಕ್ಕೂ ಸಮಾನವಾದ ಪಟ್ಟಿಗೆ ಸೇರಿದುವು. ಯಸಳೂರಿನ ಒಂದು ಕಾಫಿ ಗಿಡವನ್ನೇ ನೋಡಿರಿ. ಗಿಡದ ಹಿತವನ್ನು ನೋಡುವ ಕಾಫಿ ಮಂಡಲಿಯು 1942ರ ಕಾಫಿ ಕಾಯಿದೆಯ ಪ್ರಕಾರ ನಡೆಯುವ ಕೇಂದ್ರದ ಸಂಸ್ಥೆ. ಗಿಡವಿರುವ ನೆಲದ ಪಹಣಿ ರಾಜ್ಯದ ಕಂದಾಯ ಇಲಾಖೆಯದು. 2001ರಿಂದೀಚೆಗೆ ಅದು 'ಭೂಮಿ' ಯೋಜನೆಯಲ್ಲಿ ಗಣಕಯಂತ್ರದೊಳಗೆ ಸೇರಿದೆ. ಗಿಡವನ್ನು ತುಳಿದ ಆನೆ ಅರಣ್ಯ ಇಲಾಖೆಯದು. ಬೆಳೆ ಹಾಳಾದಾಗ ಕಾಫಿ ಮಂಡಲಿಗೆ ಅರ್ಜಿ ಬರೆದರೆ ಉತ್ತರ ಬರುವುದಿಲ್ಲ. ಪರಿಹಾರಕ್ಕೆ ಅರಣ್ಯ ಇಲಾಖೆಯನ್ನೇ ಕೇಳಬೇಕು. ಯಾವ ಬಾಗಿಲನ್ನು ತಟ್ಟಬೇಕೆಂಬುದನ್ನು ತಿಳಿದಿರುವುದೇ ಅರ್ಧ ಕೆಲಸ.

ಶಾಸಕಾಂಗವೆಲ್ಲಿ? ಆನೆಯಿಂದ ಮೃತರಾದವರ ಮನೆಯವರಿಗೆ ಕೊಡುವ ಪರಿಹಾರವನ್ನು 2022ರ ಕೊನೆಯಲ್ಲಿ ಏಳೂವರೆ ಲಕ್ಷದಿಂದ 15 ಲಕ್ಷ ರೂಪಾಯಿಗಳಿಗೆ ಏರಿಸಿದರು. ಇಂಥ ತೀರ್ಮಾನಗಳನ್ನು ಮಂತ್ರಿಗಳು ಮಾಡಬಹುದು. ಆದರೆ ಬೊಕ್ಕಸದಿಂದ ಹಣವನ್ನು ತೆಗೆಯಬೇಕಾದರೆ ವಿಧಾನಸಭೆಯ ಒಪ್ಪಿಗೆ ಬೇಕು. ಯಸಳೂರಿನವರ ಮಾತನ್ನು ಅಲ್ಲಿ ಆಡತಕ್ಕವರು ಸಕಲೇಶಪುರ ಕ್ಷೇತ್ರದ ಸದಸ್ಯರು. ಆಲೂರಿನ ಕಡೆಯವರಿಗೂ ಅವರೇ ಪ್ರತಿನಿಧಿಗಳು. ಈ ದಿನ ಹತ್ತನೆಯ ತರಗತಿಯಲ್ಲಿರುವ ಹುಡುಗನು 18 ವರ್ಷ ತುಂಬಿದೊಡನೆ ಅವರನ್ನು ಆರಿಸುವವರಲ್ಲಿ ಒಬ್ಬನಾಗುತ್ತಾನೆ. ಅಷ್ಟರೊಳಗೆ ಅವನಿಗೆ ಯಾವ ಪ್ರಶ್ನೆಯನ್ನು ಕೇಳಬೇಕೆಂಬುದು ತಿಳಿದಿರಬೇಡವೆ?

'ಹಣ ಯಾರದು?' ಎಂಬ ಎರಡನೆಯ ಪ್ರಶ್ನೆಯನ್ನು ನಮ್ಮಲ್ಲಿ ಬಹಳ ಮಂದಿ ಕೇಳುವುದೇ ಇಲ್ಲ. ಸರ್ಕಾರ ಕೊಟ್ಟ ಹಾಲು, ಸರ್ಕಾರ ಕೊಟ್ಟ ಪುಸ್ತಕ, 2023ರ ಜೂನ್ 11ರಂದು ಮೊದಲಾದ 'ಶಕ್ತಿ' ಯೋಜನೆಯಂತೆ ಹೆಣ್ಣುಮಕ್ಕಳಿಗೆ ಸರ್ಕಾರ ಕೊಟ್ಟ ಉಚಿತ ಬಸ್ಸು ಎಂದು ಹೇಳಿಬಿಡುತ್ತೇವೆ. ಸರ್ಕಾರಕ್ಕೆ ಸ್ವಂತದ ಹೊಲವೊಂದಿದ್ದು ಅಲ್ಲಿ ಬೆಳೆದುದನ್ನು ಹಂಚುತ್ತಿದೆಯೋ ಎಂಬಂತೆ! 2017ರ ಜುಲೈ 1ರಿಂದ ಜಾರಿಗೆ ಬಂದ ಸರಕು ಮತ್ತು ಸೇವಾ ತೆರಿಗೆಯನ್ನು ನೋಡಿರಿ. ರಾಜ್ಯದೊಳಗೇ ನಡೆದ ಮಾರಾಟದ ಮೇಲಣ ಈ ತೆರಿಗೆಯಲ್ಲಿ ಅರ್ಧ ರಾಜ್ಯಕ್ಕೆ, ಅರ್ಧ ಕೇಂದ್ರಕ್ಕೆ. ಯಸಳೂರಿನ ಅಂಗಡಿಯಲ್ಲಿ ಒಂದು ಸಾಬೂನನ್ನು ಕೊಂಡ ಕೂಲಿಯವಳೂ ಬೊಕ್ಕಸಕ್ಕೆ ತನ್ನ ಕಾಸನ್ನು ಹಾಕಿದ್ದಾಳೆ. ತೆರಿಗೆ ಕೊಡದ ಬಡವನು ಈ ದೇಶದಲ್ಲಿಲ್ಲ. ಇದನ್ನರಿತ ಮಗುವು ಶಾಲೆಯ ಹಾಲನ್ನು ಭಿಕ್ಷೆಯೆಂದು ತಲೆತಗ್ಗಿಸಿ ಕುಡಿಯುವುದಿಲ್ಲ. ಬಿಟ್ಟಿ ಬಂದುದೆಂದು ಚೆಲ್ಲುವುದೂ ಇಲ್ಲ.

ನಮ್ಮ ನಾಡಿಗೆ ಈ ಪ್ರಶ್ನೆ ಕೇಳುವ ಅಭ್ಯಾಸ ಹೊಸತೇನಲ್ಲ. 1881ರಲ್ಲಿ ದಿವಾನ್ ಸಿ. ರಂಗಾಚಾರ್ಲು ಅವರ ಕಾಲದಲ್ಲಿ ಮೈಸೂರಿನ ಪ್ರಜಾಪ್ರತಿನಿಧಿ ಸಭೆ ಮೊದಲಾಯಿತು. ತಾಲ್ಲೂಕುಗಳ ರೈತರೂ ವರ್ತಕರೂ ದಸರೆಯ ಸಮಯದಲ್ಲಿ ಮೈಸೂರಿಗೆ ಬಂದು, ದಿವಾನರು ಓದಿದ ಲೆಕ್ಕವನ್ನು ಕೇಳಿ, ತಮ್ಮ ತಮ್ಮ ಸೀಮೆಯ ಕಷ್ಟಗಳನ್ನು ಅರಿಕೆ ಮಾಡುತ್ತಿದ್ದರು. ಮೊದಮೊದಲು ಅವರಿಗೆ ಶಾಸನ ಮಾಡುವ ಅಧಿಕಾರವಿರಲಿಲ್ಲ. ಕೇಳುವ ಅವಕಾಶ ಮಾತ್ರವಿತ್ತು. ಅಂದು ಅರಿಕೆಯಾಗಿದ್ದುದು ಇಂದು ಹಕ್ಕಾಗಿದೆ. ಆದರೆ ಕೇಳುವವನಿಗೆ ಮಾತು ಬಾರದಿದ್ದರೆ ಹಕ್ಕಿದ್ದು ಪ್ರಯೋಜನವೇನು?

ಪಾಠಶಾಲೆಯೊಳಗೆ ರಾಜಕೀಯವನ್ನು ತರುವುದು ಸರಿಯೆ ಎಂದು ಕೆಲವರು ಹಿರಿಯರು ಆಕ್ಷೇಪಿಸಬಹುದು. ಪಕ್ಷಗಳ ಜಗಳವನ್ನು ತರುವುದು ಖಂಡಿತವಾಗಿಯೂ ಸರಿಯಲ್ಲ. ಯಾರಿಗೆ ಮತ ಹಾಕಬೇಕೆಂಬುದು ಉಪಾಧ್ಯಾಯರು ಹೇಳತಕ್ಕ ಮಾತಲ್ಲ. ಆದರೆ ಊರಿನ ಸೇತುವೆ ಯಾವ ಇಲಾಖೆಗೆ ಸೇರಿದ್ದೆಂದು ತಿಳಿಯುವುದರಲ್ಲಿ ಯಾವ ಪಕ್ಷವಿದೆ? ಆನೆ ಬಂದಿರುವ ಸುದ್ದಿಯನ್ನು ಅರಣ್ಯ ಇಲಾಖೆಯು ಮೊಬೈಲಿಗೆ ಕಳುಹಿಸುವ ಏರ್ಪಾಡಿದೆಯೆಂಬುದನ್ನು ಮಕ್ಕಳಿಗೆ ಹೇಳದಿದ್ದರೆ, ನಮ್ಮ ಮಡಿವಂತಿಕೆಗೆ ಅವರು ಪ್ರಾಣವನ್ನೇ ತೆರಬೇಕಾದೀತು. ರಾಜಕೀಯವನ್ನು ದೂರವಿಡಬೇಕೆಂಬ ಭಯದಿಂದ ಪೌರತ್ವವನ್ನೇ ದೂರವಿಟ್ಟರೆ, ನೆಗಡಿಗೆ ಹೆದರಿ ಮೂಗನ್ನು ಕೊಯ್ದುಕೊಂಡಂತಾಗುತ್ತದೆ.

ಹಾಗಾದರೆ ಮಾಡತಕ್ಕದ್ದೇನು? ಇದಕ್ಕೆ ಹೊಸ ಪುಸ್ತಕ ಬೇಡ, ಹೊಸ ಪರೀಕ್ಷೆಯಂತೂ ಬೇಡವೇ ಬೇಡ. ವಾರಕ್ಕೊಂದು ಗಂಟೆ, ವಿದ್ಯಾರ್ಥಿಗಳು ತಮ್ಮ ಊರಿನ ಒಂದೊಂದು ವಸ್ತುವನ್ನು ಆರಿಸಿಕೊಳ್ಳಲಿ: ಬೀದಿಯ ದೀಪ, ಬಸ್ಸು, ಆಸ್ಪತ್ರೆ, ಪಹಣಿ, ನ್ಯಾಯಬೆಲೆಯ ಅಂಗಡಿ. ಮೂರು ಪ್ರಶ್ನೆಗಳನ್ನು ಬರೆದುಕೊಂಡು ಉತ್ತರವನ್ನು ಹುಡುಕಿ ತರಲಿ. ನಾಡಕಚೇರಿಗೋ ಗ್ರಾಮ ಪಂಚಾಯಿತಿಗೋ ಅವರನ್ನು ಉಪಾಧ್ಯಾಯರು ಕರೆದೊಯ್ಯಲಿ. ಗ್ರಾಮ ಪಂಚಾಯಿತಿಗಳಲ್ಲಿ ಮಕ್ಕಳ ಗ್ರಾಮಸಭೆಯನ್ನು ನಡೆಸಬೇಕೆಂದು ನಮ್ಮ ರಾಜ್ಯದಲ್ಲಿ ಆಜ್ಞೆಯಿದೆ. ಅಲ್ಲಿ ಮಕ್ಕಳೇ ಎದ್ದುನಿಂತು ಶೌಚಾಲಯದ ನೀರನ್ನು ಕುರಿತು, ದಾರಿಯ ದೀಪವನ್ನು ಕುರಿತು ಕೇಳಬಹುದು. ಹಾರ ತುರಾಯಿಗಳ ಸಮಾರಂಭವಾಗಿ ಅದು ಮುಗಿಯದೆ, ಹಿಂದಿನ ವರ್ಷ ಕೇಳಿದುದಕ್ಕೆ ಏನಾಯಿತೆಂಬ ಮಾತಿನಿಂದ ಆರಂಭವಾದರೆ, ಅದಕ್ಕಿಂತ ಒಳ್ಳೆಯ ಪೌರನೀತಿಯ ಪಾಠವನ್ನು ನಾನು ಕಾಣೆ.

ನಗರದ ಶ್ರೋತೃಗಳಾದ ತಾವು, ಇದು ಹಳ್ಳಿಯ ಮಾತು, ನಮಗೇಕೆ ಎನ್ನಬಾರದು. ಹಳ್ಳಿಯ ಮಗುವಿಗೆ ಗ್ರಾಮ ಆಡಳಿತಾಧಿಕಾರಿಯ ಮುಖವಾದರೂ ಗೊತ್ತು. ನಗರದ ಮಗುವಿಗೆ ತನ್ನ ಮನೆಯ ನಲ್ಲಿಯ ನೀರು ಯಾರ ತೀರ್ಮಾನದಿಂದ ಬರುತ್ತದೆಂಬುದೂ ಗೊತ್ತಿಲ್ಲ. ಈ ರಾತ್ರಿ ಊಟಕ್ಕೆ ಕುಳಿತಾಗ ಮನೆಯ ಮಕ್ಕಳೊಡನೆ ಒಂದು ವಸ್ತುವನ್ನು ಕುರಿತು ಆ ಮೂರು ಪ್ರಶ್ನೆಗಳನ್ನು ಕೇಳಿ ನೋಡಿರಿ. ಉತ್ತರ ತಿಳಿಯದಿದ್ದರೆ ನಾಚಿಕೆಪಡಬೇಕಾಗಿಲ್ಲ; ನಾಳೆ ಇಬ್ಬರೂ ಕೂಡಿ ಹುಡುಕಬಹುದು. ಸರ್ಕಾರವು ನಮ್ಮ ಮಕ್ಕಳಿಗೆ ಭಯದ ವಸ್ತುವೂ ಆಗಬಾರದು, ಬೇಡುವ ದೇವರೂ ಆಗಬಾರದು. ಲೆಕ್ಕ ಕೇಳಬಹುದಾದ ನಮ್ಮದೇ ಮನೆಯ ವ್ಯವಹಾರವೆಂದು ಅವರಿಗೆ ತೋರಬೇಕು. ಅಷ್ಟಾದರೆ ಪೌರನೀತಿಯ ಪಾಠ ಸಾರ್ಥಕವಾಯಿತು.